ಕಿವಿಗೊಂದು ಧಾರಾವಾಹಿ, ಕೈಗೊಂದು ಕೆಲಸ

ಸಂಜೆಯ ಅಡುಗೆ ಮತ್ತು ಟಿವಿ ಎರಡೂ ಒಂದೇ ಹೊತ್ತಿಗೆ ಬೀಳುತ್ತವೆ. ಕನ್ನಡ ವಾಹಿನಿಗಳ ಮುಖ್ಯ ಧಾರಾವಾಹಿಗಳು ಆರೂವರೆ, ಏಳಕ್ಕೆ ಶುರುವಾಗಿ ಹತ್ತರ ಆಚೀಚೆಯವರೆಗೆ ಸಾಲಾಗಿ ಬರುತ್ತವೆ. ಉತ್ತರ ಬೆಂಗಳೂರಿನ ಮನೆಗಳಲ್ಲಿ ಒಲೆ ಹಚ್ಚುವುದೂ ಆಗಲೇ. ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕ, ಜಕ್ಕೂರು, ಸಹಕಾರನಗರದ ಕಡೆ ಹೋಗುವವರು ಮನೆ ಮುಟ್ಟುವಷ್ಟರಲ್ಲಿ ಎಂಟಾಗಿರುವುದು ಹೊಸದೇನಲ್ಲ. ಆಮೇಲೆ ಅಡುಗೆ ಮುಗಿಸಿ ಟಿವಿ ನೋಡುತ್ತೇವೆಂದರೆ ನಿದ್ದೆಗೆ ಹೊತ್ತಾಗುತ್ತದೆ. ಟಿವಿ ಮುಗಿಸಿ ಅಡುಗೆಗೆ ಇಳಿದರೆ ಕೊನೆಗೆ ಹೊರಗಿಂದ ತರಿಸುವುದೇ ಗತಿ.

ಎರಡನ್ನೂ ಹೊಂದಿಸಲು ಒಂದು ವಿಂಗಡಣೆ ಸಾಕಾಗುತ್ತದೆ. ಕೆಲವು ಕಾರ್ಯಕ್ರಮಗಳಿಗೆ ಕಿವಿ ಕೊಟ್ಟರೆ ಆಯಿತು, ಕೆಲವಕ್ಕೆ ಕಣ್ಣೂ ಬೇಕು. ಅಡುಗೆಯಲ್ಲೂ ಹಾಗೆಯೇ: ಸೊಪ್ಪು ಬಿಡಿಸುವಂಥದ್ದು ಕೈಯ ಪಾಡಿಗೆ ನಡೆಯುತ್ತದೆ, ಒಗ್ಗರಣೆಯಂಥದ್ದು ಕಣ್ಣು ಕೀಳಲು ಬಿಡುವುದಿಲ್ಲ. ಕಣ್ಣು ಬೇಡುವ ಎರಡನ್ನು ಒಂದೇ ಹೊತ್ತಿಗೆ ಇಟ್ಟುಕೊಂಡರೆ ಒಂದು ಸೀಯುತ್ತದೆ, ಇನ್ನೊಂದು ಅರ್ಥವಾಗುವುದಿಲ್ಲ.

ಯಾವುದು ಕಿವಿಗೆ, ಯಾವುದು ಕಣ್ಣಿಗೆ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಇಂದಿಗೂ ಚಂದನ ವಾಹಿನಿ ನಡೆಯುವುದು ಆರ್.ಟಿ. ನಗರಕ್ಕೆ ಹತ್ತಿರದ ಜೆ.ಸಿ. ನಗರದ ಕೇಂದ್ರದಿಂದಲೇ. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಶುರುವಾದವು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡಿತು. ಇಷ್ಟು ವರ್ಷಗಳಲ್ಲಿ ದಿನದ ಧಾರಾವಾಹಿ ಅಡುಗೆಮನೆಯಲ್ಲಿ ಇರುವವರಿಗೆ ಹೇಳಿ ಮಾಡಿಸಿದ ಹಾಗೆ ರೂಪುಗೊಂಡಿದೆ. ಪಾತ್ರಗಳು ಮನಸ್ಸಿನಲ್ಲಿ ಇರುವುದನ್ನೂ ಬಾಯಿಬಿಟ್ಟು ಆಡುತ್ತವೆ. ಕೇಡಿನ ಪಾತ್ರ ಬಂದರೆ ಸಂಗೀತವೇ ಮೊದಲು ತಿಳಿಸುತ್ತದೆ. ಬಾಗಿಲಲ್ಲಿ ನಿಂತವರು ಯಾರೆಂದು ಒಳಗಿಂದ ಕೂಗಿ ಕೇಳಬೇಕಾಗಿಲ್ಲ, 'ನೀವಾ?' ಎಂಬ ಉದ್ಗಾರದ ಹಿಂದೆಯೇ ಹೆಸರೂ ಬರುತ್ತದೆ. ಹೀಗಳೆಯುವವರು ಹೀಗಳೆಯಲಿ, ಒಲೆಯ ಮುಂದೆ ನಿಂತವರಿಗೆ ಇದಕ್ಕಿಂತ ಅನುಕೂಲದ ಕಲೆ ಇನ್ನೊಂದಿಲ್ಲ.

ಕಿವಿಯಲ್ಲೇ ಹಿಡಿಯಬಹುದಾದ ಕಾರ್ಯಕ್ರಮಗಳು ಇನ್ನೂ ಇವೆ. ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದಿರುವ 'ಥಟ್ ಅಂತ ಹೇಳಿ' ಅಂಥದ್ದು. ಸೊಪ್ಪು ಬಿಡಿಸುತ್ತಲೇ ಉತ್ತರ ಕೂಗಬಹುದು. ಹಾಡಿನ ಸ್ಪರ್ಧೆಗಳೂ ಹಾಗೆಯೇ. 2013ರಲ್ಲಿ ಕನ್ನಡಕ್ಕೆ ಬಂದ ಬಿಗ್ ಬಾಸ್ ಅರ್ಧ ಅರ್ಧ: ವಾರಾಂತ್ಯದಲ್ಲಿ ಸುದೀಪ್ ನಡೆಸುವ ಮಾತಿನ ಸಂಚಿಕೆ ಕಿವಿಗೆ ಸಾಕು, ವಾರದ ನಡುವಿನ ಟಾಸ್ಕ್‌ಗಳಿಗೆ ಕಣ್ಣು ಬೇಕು. ಹಾಸ್ಯ ಕಾರ್ಯಕ್ರಮಗಳನ್ನು ಕೇಳಿದರೆ ಅರ್ಧ ನಗೆಯೇ ಹೋಗುತ್ತದೆ.

ವೆಬ್ ಸರಣಿಗಳು ಪೂರ್ತಿ ಕಣ್ಣಿನವು. ಕರಾವಳಿಯ ಕತೆಗಳ 'ಏಕಂ' 2024ರ ಜುಲೈಯಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು. ರಮೇಶ್ ಇಂದಿರಾ ನಿರ್ದೇಶನದ 'ಅಯ್ಯನ ಮನೆ' 2025ರ ಏಪ್ರಿಲ್‌ನಲ್ಲಿ ಜೀ5ರಲ್ಲಿ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ಪವನ್ ಕುಮಾರ್ ನಟಿಸಿದ 'ಶೋಧ'. ಇಂಥವುಗಳಲ್ಲಿ ಪಾತ್ರ ಸುಮ್ಮನೆ ಕಿಟಕಿಯಾಚೆ ನೋಡಿದರೆ ಅದೇ ಕತೆ. ಮಲಯಾಳಂ, ಕೊರಿಯನ್ ಸರಣಿಗಳಾದರೆ ಕೆಳಗಿನ ಸಾಲನ್ನೂ ಓದಬೇಕು. ಇವುಗಳ ಹೊತ್ತಿಗೆ ಒಲೆ ಆರಿರಬೇಕು ಎಂಬುದು ಮೊದಲ ನಿಯಮ.

ಹೊಸ ಧಾರಾವಾಹಿ ಶುರುವಾದಾಗ ಮೊದಲ ವಾರ ಮಾತ್ರ ಕೂತು ನೋಡುವುದು ಒಳ್ಳೆಯದು. ಯಾರು ಯಾರ ಮಗಳು, ಯಾವ ಮನೆಗೂ ಯಾವ ಮನೆಗೂ ಹಳೇ ಜಗಳ ಎಂಬುದೆಲ್ಲ ಆ ಐದಾರು ಕಂತುಗಳಲ್ಲೇ ಬರುತ್ತದೆ, ದನಿಗಳೂ ಪರಿಚಯವಾಗುತ್ತವೆ. ಎರಡನೆಯ ವಾರದಿಂದ ಅಡುಗೆಮನೆಗೆ ಹೋಗಬಹುದು. ಆ ಎರಡನೆಯ ವಾರವೂ ಮುಂದೇನು ಎಂಬ ಕುತೂಹಲ ಹುಟ್ಟದಿದ್ದರೆ ಅದನ್ನು ಬಿಟ್ಟುಬಿಡಬೇಕು. ನೂರಾರು ಕಂತು ಓಡುವ ಕತೆಗೆ ಮನಸ್ಸಿಲ್ಲದೆ ಗಂಟು ಬೀಳುವುದು ದಂಡ.

ತಪ್ಪಿದ ಕಂತುಗಳು ಆ್ಯಪ್‌ಗಳಲ್ಲಿ ಸಿಗುತ್ತವೆ: ಜೀ ಕನ್ನಡದವು ಜೀ5ರಲ್ಲಿ, ಉದಯದವು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಮತ್ತು ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ. ಈ ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್‌ಗಳು ಸೇರಿ ಆದದ್ದು. ಪ್ರಸಾರ ಭಾರತಿಯ ವೇವ್ಸ್ 2024ರ ನವೆಂಬರ್‌ನಲ್ಲಿ ಬಂದಿದೆ, ದೂರದರ್ಶನದ ಹಳೆಯ ಕಾರ್ಯಕ್ರಮಗಳನ್ನು ಹುಡುಕುವವರಿಗೆ ಅದು ಜಾಗ. ಒಂದು ವಾರ ಪೂರ್ತಿ ತಪ್ಪಿದ್ದರೆ ಎಲ್ಲವನ್ನೂ ನೋಡಲು ಹೋಗಬೇಕಾಗಿಲ್ಲ. ಶುಕ್ರವಾರದ ಕಂತೊಂದು ಸಾಕು, ವಾರದ ಗಂಟು ಬಿಚ್ಚುವುದೋ ಬಿಗಿಯುವುದೋ ಸಾಮಾನ್ಯವಾಗಿ ಅಲ್ಲಿಯೇ.

ಪೇಟೆಯಲ್ಲಿ ಸಿಗುವುದು

ಸುಲಭದ ಅಡುಗೆಗೆ ಮನೆಯಲ್ಲಿ ಸದಾ ಇರಬೇಕಾದ ಮೂರು ಪದಾರ್ಥ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ. ಯಶವಂತಪುರದ ಎಪಿಎಂಸಿ ಯಾರ್ಡ್ ಹೆಸರಾದದ್ದೇ ಇವುಗಳ ಸಗಟು ವ್ಯಾಪಾರಕ್ಕೆ. ಎರಡು ಮೂರು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಂಡರೆ ಬೆಲೆಯಲ್ಲಿ ಲಾಭ. ತಂದ ಮೇಲೆ ಈರುಳ್ಳಿ ಮತ್ತು ಆಲೂಗಡ್ಡೆಯನ್ನು ಒಂದೇ ಬುಟ್ಟಿಯಲ್ಲಿ ಇಡಬಾರದು, ಒಂದರ ತೇವ ಇನ್ನೊಂದನ್ನು ಬೇಗ ಕೆಡಿಸುತ್ತದೆ.

ಹಾಲು ಮೊಸರಿಗೆ ಈ ಭಾಗದವರು ದೂರ ನೋಡಬೇಕಾಗಿಲ್ಲ. ಕೆಎಂಎಫ್‌ನ ಮದರ್ ಡೇರಿ ಯಲಹಂಕದಲ್ಲೇ ಇದೆ. ನಂದಿನಿ ಹೆಸರಿನಲ್ಲಿ ಇಡ್ಲಿ-ದೋಸೆ ಹಿಟ್ಟು ಮಾರುಕಟ್ಟೆಗೆ ಬಂದದ್ದು 2024ರ ಡಿಸೆಂಬರ್ ಕೊನೆಯಲ್ಲಿ. ವಾರದ ನಡುವಿನ ಸಂಜೆಗೆ ಇಂಥ ಹಿಟ್ಟಿನ ಪ್ಯಾಕೆಟ್ಟು ಒದಗುವಷ್ಟು ಬೇರೇನೂ ಒದಗುವುದಿಲ್ಲ. ಅದನ್ನು ನಾಚಿಕೆಯ ವಿಷಯ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಎಪ್ಪತ್ತರ ದಶಕದ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಎಂಟಿಆರ್ ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಇಳಿದಾಗಿನಿಂದ ಬೆಂಗಳೂರಿನ ಅಡುಗೆಮನೆ ಪೊಟ್ಟಣಕ್ಕೆ ಒಗ್ಗಿಹೋಗಿದೆ.

ಹೆಬ್ಬಾಳಕ್ಕೆ ಅಡುಗೆಯಲ್ಲಿ ಬೇರೊಂದು ಹೆಸರೂ ಇದೆ. 1899ರಲ್ಲಿ ಪ್ರಾಯೋಗಿಕ ತೋಟವಾಗಿ ಶುರುವಾಗಿ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾದ ಸಂಸ್ಥೆ ಇಲ್ಲಿಯದು. ಎಚ್ಎ-3, ಎಚ್ಎ-4 ಎಂಬ ಅವರೆ ತಳಿಗಳು ಅಲ್ಲಿಂದ ಬಂದವು; ಎಚ್ಎ ಎಂದರೆ ಹೆಬ್ಬಾಳ ಅವರೆ. ನಾಟಿ ಅವರೆ ಹಗಲು ಚಿಕ್ಕದಾಗುವ ಕಾಲದಲ್ಲಿ ಮಾತ್ರ ಹೂ ಬಿಡುವುದರಿಂದ ಅದರ ಸುಗ್ಗಿ ಚಳಿಗಾಲಕ್ಕೇ ಸರಿ. ಹೆಬ್ಬಾಳದ ತಳಿಗಳಿಗೆ ಆ ಕಟ್ಟು ಇಲ್ಲ, ಆದ್ದರಿಂದ ಬೇಸಿಗೆಯಲ್ಲೂ ಅವರೆಕಾಯಿ ಕಣ್ಣಿಗೆ ಬೀಳುತ್ತದೆ. ಸೊಗಡಿನ ಮಾತಿಗೆ ಬಂದರೆ ಡಿಸೆಂಬರ್, ಜನವರಿಯ ಕಾಯಿಯ ಮುಂದೆ ಉಳಿದದ್ದೆಲ್ಲ ಸಪ್ಪೆ. ಕೊಳ್ಳುವಾಗ ಕಾಯಿಯನ್ನು ಬೆರಳಲ್ಲಿ ಉಜ್ಜಿ ನೋಡಬೇಕು: ಎಣ್ಣೆಯಂಥ ಜಿಗುಟು ಅಂಟಿ ಘಮ್ಮೆಂದರೆ ಸೊಗಡವರೆ. ಸೀಳಿದಾಗ ಕಾಳು ತುಂಬಿಕೊಂಡು ಹಸಿರಾಗಿರಬೇಕು. ಬೆಳ್ಳಗಾಗಿದ್ದರೆ ಬಲಿತಿದೆ ಎಂದರ್ಥ.

ಕೈಯ ಪಾಡಿಗೆ ನಡೆಯುವ ಕೆಲಸ

ಟಿವಿಯ ಮುಂದೆ ಮಾಡಲು ಅವರೆಯನ್ನು ಮೀರಿಸುವ ಕೆಲಸ ಕನ್ನಡಿಗರ ಅಡುಗೆಯಲ್ಲಿಲ್ಲ. ಮೊದಲ ದಿನ ಸುಲಿಯುವುದು, ಮರುದಿನ ಹಿತುಕುವುದು. ಎರಡು ಸಂಜೆಯ ಧಾರಾವಾಹಿಗೆ ಸರಿಹೋಗುತ್ತದೆ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಕಾಯಿಯ ರಾಶಿ ಒಂದು ಕಡೆ, ಸಿಪ್ಪೆಗೆ ಒಂದು ಮಂಕರಿ, ಕಾಳಿಗೆ ಒಂದು ಪಾತ್ರೆ ಇಟ್ಟುಕೊಂಡು ಕೂರಬೇಕು. ಹುಳು ಇರುವ ಕಾಯಿಯ ಮೇಲೆ ಸಣ್ಣ ತೂತು ಇರುತ್ತದೆ, ಅಂಥದ್ದನ್ನು ಜಾಹೀರಾತಿನ ಹೊತ್ತಿಗೆ ಎಂದು ಪಕ್ಕಕ್ಕೆ ಇಟ್ಟುಕೊಂಡು ಆಮೇಲೆ ಬೆಳಕಿನಲ್ಲಿ ನೋಡಿ ಬಿಡಿಸಬೇಕು. ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟರೆ ಮೇಲಿನ ಸಿಪ್ಪೆ ಸಡಿಲವಾಗುತ್ತದೆ. ಅಷ್ಟು ಹೊತ್ತಿಲ್ಲದವರು ಬಿಸಿ ನೀರು ಸುರಿದು ಎರಡು ಮೂರು ಗಂಟೆ ಬಿಡುತ್ತಾರೆ.

ಹಿತುಕುವಾಗ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒಂದು ತುದಿಯಲ್ಲಿ ಒತ್ತಬೇಕು. ಬೇಳೆ ಪಟ್ಟನೆ ಚಿಮ್ಮುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಚಿಮ್ಮಿದ್ದು ಸೋಫಾದ ಕೆಳಗೆ ಹೋಗದಿರಲು ತಟ್ಟೆಯ ಬದಲು ಆಳದ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳನ್ನು ಅದರ ಒಳಗೇ ಇಳಿಸಿ ಒತ್ತುವುದು ಒಳ್ಳೆಯದು. ಒಂದೇ ಒತ್ತಿಗೆ ಬರದ ಕಾಳು ಇನ್ನೂ ನೆನೆಯಬೇಕು. ಉಗುರಿನಿಂದ ಕೆದಕಿದರೆ ಬೇಳೆ ಮುರಿಯುತ್ತದೆ. ಮನೆಯಲ್ಲಿ ಮೂರು ಜನ ಕೂತರೆ ಒಂದು ಕಿಲೋ ಕಾಯಿಯ ಕಾಳು ಒಂದೆರಡು ಧಾರಾವಾಹಿಯೊಳಗೆ ಮುಗಿಯುತ್ತದೆ, ಮಕ್ಕಳಿದ್ದರೆ ಯಾರ ಬೇಳೆ ದೂರ ಚಿಮ್ಮಿತು ಎಂಬ ಪಂದ್ಯದಲ್ಲಿ ಸ್ವಲ್ಪ ತಡ.

ಹಿತುಕಿದ ಬೇಳೆ ಬೇಗ ಬೇಯುತ್ತದೆ. ಕುಕ್ಕರಿಗೆ ಹಾಕಿದರೆ ಕರಗಿ ಪಾಯಸವಾಗುವುದರಿಂದ ತೆರೆದ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಬೇಯಿಸಿದರೆ ಸಾಕು. ತೆಂಗಿನತುರಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಧನಿಯ, ಒಣಮೆಣಸಿನಕಾಯಿ, ಚೂರು ಚಕ್ಕೆ ಲವಂಗ ಸೇರಿಸಿ ರುಬ್ಬಿದ ಮಸಾಲೆ ಹಾಕಿ ಕುದಿಸಿದರೆ ಮುದ್ದೆಗೂ ಅಕ್ಕಿರೊಟ್ಟಿಗೂ ಪೂರಿಗೂ ಹೊಂದುವ ಸಾರು. ಹೆಚ್ಚು ಉಳಿದರೆ ಬೇಳೆಯನ್ನು ನೀರು ಬಸಿದು ಡಬ್ಬಿಯಲ್ಲಿ ಫ್ರೀಜರಿಗೆ ಹಾಕಬಹುದು.

ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಹುಣಸೆಹಣ್ಣಿನ ನಾರು ಬೀಜ ತೆಗೆಯುವುದು, ಹುರುಳಿಕಾಯಿಯ ನಾರು ಎಳೆಯುವುದು, ಕರಿಬೇವು ಎಸಳಾಗಿ ಬಿಡಿಸಿ ಡಬ್ಬಿಗೆ ತುಂಬುವುದು ಎಲ್ಲವೂ ಇದೇ ಜಾತಿಯವು. ಚಾಕು ಹಿಡಿಯುವ ಕೆಲಸ ಈ ಪಟ್ಟಿಗೆ ಸೇರುವುದಿಲ್ಲ. ಬೀನ್ಸ್ ಹೆಚ್ಚುವುದು ಅಭ್ಯಾಸವಿದ್ದವರಿಗೆ ಸಲೀಸು ಎನಿಸಿದರೂ ಬೆರಳು ಕೊಯ್ದುಕೊಳ್ಳುವುದು ಕಂತಿನ ಕೊನೆಯ ತಿರುವಿನಲ್ಲೇ.

ಒಲೆಯ ಮೇಲೆ ಇಟ್ಟ ಮೇಲೆ

ಆರ್.ಟಿ. ನಗರ, ಮತ್ತಿಕೆರೆ, ಯಶವಂತಪುರದ ಹಳೆಯ ಮನೆಗಳಲ್ಲಿ ಅಡುಗೆಮನೆಗೆ ಗೋಡೆಯೂ ಬಾಗಿಲೂ ಇದೆ, ಹಾಲ್‌ನ ಟಿವಿ ಅಲ್ಲಿಗೆ ದನಿಯಾಗಿ ಮಾತ್ರ ಬರುತ್ತದೆ. ಹೆಬ್ಬಾಳ, ಯಲಹಂಕದ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕಟ್ಟೆ ಹಾಲ್‌ಗೆ ತೆರೆದುಕೊಂಡಿರುತ್ತದೆ. ನೋಡಲು ಇದು ಅನುಕೂಲ, ಕೂತವರಿಗೆ ಮಾತ್ರ ಕಷ್ಟ: ಮಿಕ್ಸಿ, ಚಿಮಣಿ, ಕುಕ್ಕರ್ ಕೂಗು ಮೂರೂ ಸಂಭಾಷಣೆಯ ಮೇಲೇ ಬೀಳುತ್ತವೆ. ರುಬ್ಬುವ ಕೆಲಸವನ್ನು ಧಾರಾವಾಹಿ ಶುರುವಾಗುವ ಮೊದಲೇ ಮುಗಿಸಿಟ್ಟರೆ ಮನೆಯಲ್ಲಿ ಶಾಂತಿ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕದಿದ್ದರೆ ಕೆಳಗಿನ ಮನೆಯವರಿಗೂ ಅಷ್ಟೇ.

ಕುಕ್ಕರ್ ಕೂಗು ಎಣಿಸುವ ಪದ್ಧತಿ ಟಿವಿಯ ಜೊತೆ ಕೆಲಸಕ್ಕೆ ಬಾರದು. ಹಿನ್ನೆಲೆ ಸಂಗೀತದಲ್ಲಿ ಎರಡೋ ಮೂರೋ ಎಂದು ತಿಳಿಯದೆ ಬೇಳೆ ತಳ ಹಿಡಿಯುತ್ತದೆ. ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟರೆ ಅರ್ಧ ಗಂಟೆ ನೆನೆದ ತೊಗರಿಬೇಳೆ ಹೂವಿನಂತೆ ಬೆಂದಿರುತ್ತದೆ. ಅದಕ್ಕೇ ದಂಟು, ಪಾಲಕ್, ಸಬ್ಬಸಿಗೆ, ಎರಡು ಟೊಮೆಟೊ, ಹಸಿಮೆಣಸಿನಕಾಯಿ ಹಾಕಿದ್ದರೆ ಮಸ್ಸೊಪ್ಪು ಮುಕ್ಕಾಲು ಮುಗಿದ ಹಾಗೆ. ಉಳಿದದ್ದು ಮಸೆಯುವುದು, ಬೆಳ್ಳುಳ್ಳಿ ಒಗ್ಗರಣೆ ಕೊಡುವುದು. ಬಿಸಿಬೇಳೆಬಾತ್‌ಗೆ ಒಂದು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಬೇಳೆ, ಆರು ಲೋಟ ನೀರು. ಹುಣಸೆರಸವನ್ನು ಮೊದಲೇ ಹಾಕಿದರೆ ಬೇಳೆ ಬೇಯದೆ ಉಳಿಯುವುದರಿಂದ ಕುಕ್ಕರ್ ಇಳಿಸಿದ ಮೇಲೆ ಪುಡಿಯ ಜೊತೆ ಸೇರಿಸಿ ಕುದಿಸಬೇಕು. ಆರಿದಾಗ ಗಟ್ಟಿಯಾಗುವ ಅಡುಗೆ ಇದು, ಇಳಿಸುವಾಗ ತೆಳ್ಳಗೇ ಇರಲಿ. ಹೊಸ ಧಾರಾವಾಹಿಯ ಮೊದಲ ದಿನ ಒಂದು ಗಂಟೆಯ ಮಹಾಸಂಚಿಕೆ ಇದ್ದರೆ ಇಂಥ ಒಂದೇ ಪಾತ್ರೆಯ ಊಟ ಹೇಳಿ ಮಾಡಿಸಿದ್ದು.

ಕಣ್ಣು ಬೇಡುವ ಕೆಲಸಗಳಿಗೆ ಜಾಹೀರಾತಿದೆ. ನಿಯಮದ ಪ್ರಕಾರ ಗಂಟೆಗೆ 12 ನಿಮಿಷ, ಅಂದರೆ ಹತ್ತು ನಿಮಿಷ ಜಾಹೀರಾತು, ಎರಡು ನಿಮಿಷ ವಾಹಿನಿಯ ಸ್ವಂತ ಪ್ರೋಮೋ. ನೋಡುವವರಿಗೆ ಅದು ಇನ್ನೂ ಉದ್ದವೆನಿಸುವುದು ಬೇರೆ ಮಾತು. ಒಂದು ವಿರಾಮದಲ್ಲಿ ಒಗ್ಗರಣೆ ಮುಗಿಯುತ್ತದೆ: ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು, ಕರಿಬೇವು ಹಾಕಿ ಇಳಿಸಿದರೆ ಎರಡು ನಿಮಿಷ. ಚಿತ್ರಾನ್ನಕ್ಕೆ ಮಧ್ಯಾಹ್ನದ ಅನ್ನ ಆರಿದ್ದರೆ ಇನ್ನೊಂದು ವಿರಾಮ ಸಾಕು. ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ, ಬಿಸಿಯಲ್ಲಿ ಕುದ್ದರೆ ಕಹಿ. ಭಾನುವಾರವೇ ರವೆ ಹುರಿದು ಡಬ್ಬಿಗೆ ತುಂಬಿಟ್ಟವರಿಗೆ ಉಪ್ಪಿಟ್ಟೂ ಇದೇ ಲೆಕ್ಕದ್ದು, ಒಂದು ಲೋಟ ರವೆಗೆ ಎರಡೂವರೆ ಲೋಟ ನೀರು.

ಮುದ್ದೆಯಲ್ಲಿ ಎರಡು ಥರದ ಹೊತ್ತೂ ಇದೆ. ಎರಡು ಲೋಟ ನೀರಿಗೆ ಒಂದು ಚಮಚ ರಾಗಿಹಿಟ್ಟು ಕದಡಿ ಕುದಿಸಿ, ಒಂದು ಲೋಟ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಬೇಕು. ಆ ಹೊತ್ತು ಧಾರಾವಾಹಿಯದು, ಯಾರೂ ಮುಟ್ಟಬಾರದು. ಆಮೇಲಿನ ಎರಡು ನಿಮಿಷ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ಗಂಟಿಲ್ಲದಂತೆ ತಿರುವಬೇಕು. ಆಗ ಯಾರ ಗುಟ್ಟು ಬಯಲಾದರೂ ತಿರುಗಿ ನೋಡುವಂತಿಲ್ಲ. ಬೋಂಡ, ಪೂರಿ, ಹಪ್ಪಳದಂಥವನ್ನು ಎಣ್ಣೆಯಲ್ಲಿ ಕರಿಯುವುದನ್ನು ಟಿವಿಯ ಹೊತ್ತಿಗೆ ಇಟ್ಟುಕೊಳ್ಳಲೇಬಾರದು. ಕಾದ ಎಣ್ಣೆ ಹೊತ್ತಿಕೊಂಡರೆ ನೀರು ಹಾಕದೆ, ಒಲೆ ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚಬೇಕು.

ವೆಬ್ ಸರಣಿಯ ರಾತ್ರಿ

ಒಲೆ ಆರಿಸಿ ಕೂತ ಮೇಲೆ ತಿನ್ನಲು ಒಂದು ಕೈಗೆ ಸಿಗುವ, ಕೆಳಗೆ ನೋಡದೆ ಬಾಯಿಗೆ ಹೋಗುವ ತಿಂಡಿ ಬೇಕು. ಕಡಲೆಪುರಿ ಒಗ್ಗರಣೆ ಇದಕ್ಕೆ ಮೊದಲು: ಎಣ್ಣೆಯಲ್ಲಿ ಕಡಲೆಬೀಜ, ಹುರಿಗಡಲೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಹುರಿದು, ಅರಿಸಿನ, ಖಾರದಪುಡಿ, ಉಪ್ಪು ಹಾಕಿ ಪುರಿ ಸೇರಿಸಿ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಆಡಿಸಬೇಕು. ಆರಿದ ಮೇಲೆ ಡಬ್ಬಿಗೆ ತುಂಬಿದರೆ ವಾರ ಕಳೆದರೂ ಮೆತ್ತಗಾಗದು. ಹಸಿ ಈರುಳ್ಳಿ, ಟೊಮೆಟೊ ಬೆರೆಸುವ ಚುರುಮುರಿ ರುಚಿಯಲ್ಲಿ ಮೇಲೇ ಇರಬಹುದು, ಆದರೆ ಎರಡನೆಯ ಕಂತು ಬರುವಷ್ಟರಲ್ಲಿ ನೀರು ಬಿಟ್ಟುಕೊಂಡಿರುತ್ತದೆ. ಕಾರ್ತಿಕದಲ್ಲಿ ಹಸಿ ಕಡಲೆಕಾಯಿ ಬಂದಾಗ ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಉಪ್ಪು ಒಳಗಿನವರೆಗೆ ಇಳಿಯುತ್ತದೆ.

ಅಡುಗೆ ಕಾರ್ಯಕ್ರಮಗಳ ವಿಷಯ ಬೇರೆ. ಜೀ ಕನ್ನಡದ 'ಒಗ್ಗರಣೆ ಡಬ್ಬಿ', ಸ್ಟಾರ್ ಸುವರ್ಣದಲ್ಲಿ ಸಿಹಿಕಹಿ ಚಂದ್ರು ನಡೆಸಿಕೊಟ್ಟ 'ಬೊಂಬಾಟ್ ಭೋಜನ' ಇವು ಮನೆಮಾತಾದವು. ಚಂದ್ರು ಅವರ ಹೆಸರಿನ ಮೊದಲ ಭಾಗವೂ ದೂರದರ್ಶನದ ಹಳೆಯ ಧಾರಾವಾಹಿಯಿಂದಲೇ ಬಂದದ್ದು. 2023ರಲ್ಲಿ ಮಂಗಳೂರಿನ ಮೊಹಮ್ಮದ್ ಆಶಿಕ್ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದ ಮೇಲೆ ಸ್ಪರ್ಧೆಯ ಅಡುಗೆ ನೋಡುವವರೂ ಹೆಚ್ಚಿದ್ದಾರೆ. ಸ್ಪರ್ಧೆಯದು ನೋಡುವುದಕ್ಕೆ ಮಾತ್ರ, ಮನೆಯಲ್ಲಿ ಮಾಡಲು ಹೋಗಬಾರದು. ಮಾಡಿ ತೋರಿಸುವ ಕಾರ್ಯಕ್ರಮ ನೋಡುತ್ತಲೇ ಜೊತೆಜೊತೆಗೆ ಮಾಡಲು ಹೊರಟರೂ ತಪ್ಪುತ್ತದೆ: ಬೇಯುವ ಹೊತ್ತನ್ನು ಕತ್ತರಿಸಿರುತ್ತಾರೆ, ನೆನೆಸಿದ್ದು ಮೊದಲೇ ಸಿದ್ಧವಿರುತ್ತದೆ, ಉಪ್ಪು 'ರುಚಿಗೆ ತಕ್ಕಷ್ಟು'. ಒಮ್ಮೆ ಕೂತು ನೋಡಿ, ಯಾವುದರ ಮೇಲೆ ಯಾವುದು ಬೀಳುತ್ತದೆ ಎಂಬ ಕ್ರಮವನ್ನಷ್ಟೇ ಬರೆದುಕೊಂಡು, ಮರುದಿನ ಅರ್ಧ ಅಳತೆಯಲ್ಲಿ ಮಾಡಿ ನೋಡಬೇಕು. ಯೂಟ್ಯೂಬಿನ ಅಡುಗೆಯಾದರೆ ನಿಲ್ಲಿಸಿ ನಿಲ್ಲಿಸಿ ನೋಡಬಹುದು, ಮೊಬೈಲನ್ನು ಒಲೆಯಿಂದ ಮೊಳ ದೂರ ಒರಗಿಸಿ ಇಟ್ಟರೆ ಹಬೆಯೂ ಎಣ್ಣೆಯೂ ತಾಗದು.

ಮಲಗುವ ಮೊದಲು

ಎರಡು ಕಂತು ನೋಡೋಣ ಎಂದು ಕೂತವರು ನಾಲ್ಕು ಮುಗಿಸಿ ಏಳುವುದರಿಂದ ಉಳಿದ ಅನ್ನ ಸಾರು ಕಟ್ಟೆಯ ಮೇಲೇ ಉಳಿಯುತ್ತದೆ. ಬೇಯಿಸಿದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಅನ್ನದ ಮಟ್ಟಿಗೆ ಇದು ಇನ್ನೂ ಕಟ್ಟುನಿಟ್ಟು. ಊಟದ ತಟ್ಟೆ ಎತ್ತುವಾಗಲೇ ಅನ್ನವನ್ನು ಅಗಲದ ಡಬ್ಬಿಗೆ ಹರಡಿಟ್ಟರೆ ಒಂದು ಕಂತು ಮುಗಿಯುವಷ್ಟರಲ್ಲಿ ಒಳಗಿಡುವಷ್ಟು ಆರಿರುತ್ತದೆ, ಮರುದಿನದ ಚಿತ್ರಾನ್ನಕ್ಕೂ ಒದಗುತ್ತದೆ.

ಹಿಟ್ಟು ಮನೆಯಲ್ಲೇ ರುಬ್ಬುವವರು ನಾಲ್ಕು ಪಾಲು ಇಡ್ಲಿ ಅಕ್ಕಿಗೆ ಒಂದು ಪಾಲು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಮಧ್ಯಾಹ್ನವೇ ನೆನೆಹಾಕಿ, ಧಾರಾವಾಹಿಗೆ ಮೊದಲು ಗ್ರೈಂಡರ್ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಎಂಟು ಗಂಟೆಗೆ ಹುಳಿ ಬರುವ ಹಿಟ್ಟಿಗೆ ಯಲಹಂಕದ ಡಿಸೆಂಬರ್ ಚಳಿಯಲ್ಲಿ ಹನ್ನೆರಡು ಗಂಟೆಯೂ ಸಾಲದೆ ಹೋಗುತ್ತದೆ. ಆ ತಿಂಗಳುಗಳಲ್ಲಿ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಕೈಯಿಂದಲೇ ಚೆನ್ನಾಗಿ ಕಲಸಿ, ಪಾತ್ರೆಗೆ ಬಟ್ಟೆ ಸುತ್ತಿ ಬೀರುವಿನೊಳಗೆ ಇಡುವುದು ವಾಡಿಕೆ. ಪಾತ್ರೆಯ ಅರ್ಧದಷ್ಟೇ ತುಂಬಿಸಿ ಅಡಿಗೆ ಒಂದು ಅಗಲದ ತಟ್ಟೆ ಇಟ್ಟರೆ ಉಕ್ಕಿದ ಹಿಟ್ಟು ಬೆಳಿಗ್ಗೆ ಬೀರುವಿಗೆ ಹರಿಯುವುದಿಲ್ಲ.